ಎದುರು ಕೂರದವರ ಮುಖ

ಕೊಪ್ಪಳದ ಪಾಲ್ಕಿಗುಂಡಿನ ಮೇಲೆ ಮುಖವಿಲ್ಲ, ಪಾದಗಳಿವೆ. ಬಂಡೆಯಲ್ಲಿ ಕೊರೆದ ಒಂದು ಜೊತೆ ಪಾದ, ಜೊತೆಗೆ ಹಳಗನ್ನಡದ ಪುಟ್ಟದೊಂದು ಬರಹ. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಎಂಬಾತ ಮಾಡಿಸಿದ ಎಂಬುದಷ್ಟೇ ಅದರ ಸಾರ. ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಜೈನ ಕವಿ ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೊಪಣ ಎಂಬ ಹೆಸರಿನಿಂದ ಈ ಊರು ಜೈನರ ಮಹಾತೀರ್ಥವಾಗಿದ್ದ ಕಾಲದ ನೆನಪು ಅದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಬೆರಳುಗಳ ಅಂಚು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಹೊತ್ತೇರಿದ ಮೇಲೆ ಎಲ್ಲಿ ಕೊರೆದಿದ್ದಾರೆಂದು ಕೈಯಾಡಿಸಿ ಹುಡುಕಬೇಕು.

ಆಚಾರ್ಯರ ಮುಖ ಹೇಗಿತ್ತೆಂದು ಚಾವಯ್ಯ ನಮಗೆ ಹೇಳಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲವೇನೋ. ಬಾಗಿ ನಮಸ್ಕರಿಸಿದವನ ಕಣ್ಣಿಗೆ ಮೊದಲು ಬೀಳುವುದು ಪಾದ. ತಾನು ಎಲ್ಲಿ ನಿಂತು ಗುರುವನ್ನು ಕಂಡಿದ್ದನೋ ಅಲ್ಲಿಂದಲೇ ಅವನು ಚಿತ್ರ ಬರೆಸಿದ. ನಾನು ಅದನ್ನು ಭಾವಚಿತ್ರ ಎಂದೇ ಕರೆಯುತ್ತೇನೆ. ಒಬ್ಬ ನಿಜ ವ್ಯಕ್ತಿ, ಅವನ ಹೆಸರು, ಅವನನ್ನು ನೆನೆದು ಮಾಡಿಸಿದವನ ಹೆಸರು ಮೂರೂ ಅಲ್ಲಿವೆ. ಕೊರೆದವನ ಹೆಸರೊಂದು ಇಲ್ಲ.

ಅದೇ ಗುಡ್ಡದಲ್ಲಿ, ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಕೂತ ಚಪ್ಪಟೆ ಕಲ್ಲಿನ ಕೆಳಗೆ, ಅಶೋಕನ ಶಾಸನವಿದೆ. ಗವಿಮಠದ ಬೆಟ್ಟದಲ್ಲಿ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಇಪ್ಪತ್ತೆರಡು ಶತಮಾನಗಳ ಹಿಂದಿನ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಇಲ್ಲಿಯೂ ರಾಜನ ಮುಖವಿಲ್ಲ, ಅವನ ಹೆಸರೂ ಇಲ್ಲ, ಬಿರುದು ಮಾತ್ರ ಇದೆ. ಹೆಸರು ಸಿಕ್ಕಿದ್ದು ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಮುಖ ಸಿಕ್ಕಿದ್ದು ಇನ್ನೂ ತಡವಾಗಿ, ಸನ್ನತಿಯ ಬಳಿಯ ಕನಗನಹಳ್ಳಿಯ ಉತ್ಖನನದಲ್ಲಿ. ರಾಣಿ ಪಕ್ಕದಲ್ಲಿ, ಛತ್ರ ಚಾಮರ ಹಿಡಿದವರು ಹಿಂದೆ. ಮೇಲೆ ‘ರಾಯ ಅಸೋಕೊ’ ಎಂಬ ಬರಹ. ಆದರೆ ಆ ಶಿಲ್ಪಿ ಅಶೋಕನನ್ನು ಕಂಡವನಲ್ಲ. ರಾಜ ತೀರಿಕೊಂಡು ತಲೆಮಾರುಗಳು ಉರುಳಿದ ಮೇಲೆ, ಶಾತವಾಹನರ ಕಾಲದಲ್ಲಿ ಕೆತ್ತಿದ ಮುಖ ಅದು. ಎದುರಿಗೆ ಬಂದು ಕೂರಲು ಸಾಧ್ಯವೇ ಇಲ್ಲದವನ ಚಿತ್ರ.

ಈ ಜಿಲ್ಲೆಯಲ್ಲಿ ಮುಖ ಬರೆಯುವವರನ್ನು ನೋಡಿಬರಬೇಕು ಎಂಬ ಆಸೆ ನನ್ನಲ್ಲಿ ಗಟ್ಟಿಯಾದದ್ದು 2025ರ ಪದ್ಮಶ್ರೀ ಪಟ್ಟಿ ಓದಿದಾಗ. ಆ ಪಟ್ಟಿಯ ಕಲಾ ವಿಭಾಗದಲ್ಲಿ ಎರಡು ಹೆಸರುಗಳು ನನ್ನ ಕಣ್ಣು ಹಿಡಿದವು. ಒಂದು, ಮಹಾರಾಷ್ಟ್ರದಿಂದ ಆಯ್ಕೆಯಾದ ವಾಸುದೇವ ಕಾಮತ್. 1956ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಭಾವಚಿತ್ರಕ್ಕೇ ಬದುಕು ಕೊಟ್ಟವರು. 2006ರಲ್ಲಿ ಅಮೆರಿಕದ ಪೋರ್ಟ್ರೇಟ್ ಸೊಸೈಟಿ ಕೊಡುವ ಡ್ರೇಪರ್ ಗ್ರ್ಯಾಂಡ್ ಪ್ರೈಜ್ ಅವರಿಗೆ ಬಂದದ್ದು ತಮ್ಮ ಹೆಂಡತಿಯ ಚಿತ್ರಕ್ಕೆ. ಇನ್ನೊಂದು ಹೆಸರು ಕೊಪ್ಪಳ ತಾಲ್ಲೂಕು ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ತೊಗಲುಗೊಂಬೆಯಾಟದ ಅಜ್ಜಿ, ಆಗ ವಯಸ್ಸು 96.

ಕಾಮತರು ಕಣ್ಣೆದುರಿಗೆ ಜೀವಂತ ಕೂತವರ ಮುಖದ ಮೇಲೆ ಬೆಳಕು ಹೇಗೆ ಜಾರುತ್ತದೆ ಎಂದು ನೋಡಿ ಬರೆಯುವವರು. ಸಭೆಯಲ್ಲಿ, ನೂರಾರು ಜನರ ಮುಂದೆ, ಒಬ್ಬರನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ಅವರು ಬರೆದು ತೋರಿಸುವುದುಂಟು. ಕೆನ್ನೆಯ ಮೂಳೆ, ಕಣ್ಣಿನ ಕೆಳಗಿನ ನೆರಳು, ತುಟಿಯಂಚಿನಲ್ಲಿ ಆ ಗಳಿಗೆಗೆ ಬಂದುಹೋಗುವ ಭಾವ ಎಲ್ಲವೂ ಆ ಒಬ್ಬ ವ್ಯಕ್ತಿಯದೇ. ಭೀಮವ್ವನವರ ಕೈಯಲ್ಲಿ ಕುಣಿಯುವ ಮುಖಗಳು ರಾಮನವು, ರಾವಣನವು, ಭೀಮನವು. ಅವರಾರೂ ಬಂದು ಕುರ್ಚಿಯ ಮೇಲೆ ಕೂರುವವರಲ್ಲ. ಈ ಎರಡನೆಯ ಬಗೆಯ ಮುಖಗಳ ಹಾದಿ ಹಿಡಿದು ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳನ್ನು ಸುತ್ತಬೇಕೆನಿಸಿತು. ಗವಿಸಿದ್ಧೇಶ್ವರ ಜಾತ್ರೆ ಮುಗಿದು, ತೇರಿನ ಬಯಲಿನ ಧೂಳು ಇನ್ನೂ ಆರದ ದಿನಗಳಲ್ಲಿ ಹೊರಟೆ.

ಕೊಪ್ಪಳದಿಂದ ಕಿನ್ನಾಳ ಹತ್ತಿರ. ಊರೊಳಗೆ ಕಾಲಿಟ್ಟರೆ ನೇಯ್ಗೆಯ ಮಗ್ಗದ ಸದ್ದು ಮೊದಲು ಕಿವಿಗೆ ಬೀಳುತ್ತದೆ. ಚಿತ್ರಗಾರರ ಓಣಿ ಅದಕ್ಕಿಂತ ಮೌನಿ. ಕಟ್ಟೆಯ ಮೇಲೆ ಬಣ್ಣ ಒಣಗಲೆಂದು ಇಟ್ಟ ಗರುಡ, ಅರ್ಧ ಮುಗಿದ ಗೌರಿ, ಬರೀ ಬಿಳಿ ಬಳಿದ, ಇನ್ನೂ ಯಾರೆಂದು ಗೊತ್ತಾಗದ ಒಂದು ಮುಖ. ವಿಜಯನಗರದ ಅರಸರ ಆಶ್ರಯದಲ್ಲಿ ತಮ್ಮ ಹಿರಿಯರು ಬದುಕಿದ್ದರು, ಹಂಪಿಯ ವಿರೂಪಾಕ್ಷನ ಗುಡಿಯ ಚಾವಣಿಗೆ ಬಣ್ಣ ಹಾಕಿದ್ದು ಅವರೇ ಎಂದು ಇಲ್ಲಿನ ಮನೆತನಗಳು ಹೇಳುತ್ತ ಬಂದಿವೆ. ಆ ಚಾವಣಿಯ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗಂತೂ ಕಾಲಕ್ಕಿಂತ ಕೈ ಮುಖ್ಯ. ಅಲ್ಲಿ ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಅಗಲ ಕಣ್ಣಿಗೂ ಕಿನ್ನಾಳದ ಕಟ್ಟೆಯ ಮೇಲಿನ ಗೌರಿಯ ಕಣ್ಣಿಗೂ ಒಂದೇ ವಂಶದ ಹೋಲಿಕೆ ಇದೆ.

ಕೆಲಸ ನಡೆಯುವ ಬಗೆಯನ್ನು ಹತ್ತಿರ ಕೂತು ನೋಡಬೇಕು. ಪೊಂಕಿ ಮರ ಎಂಬ ಹಗುರ ಕಟ್ಟಿಗೆಯಲ್ಲಿ ಒಡಲು, ತಲೆ, ತೋಳು ಬೇರೆಬೇರೆಯಾಗಿ ಕೆತ್ತಿಕೊಳ್ಳುತ್ತಾರೆ. ಹುಣಸೆ ಬೀಜವನ್ನು ನೆನೆಸಿ ಅರೆದು ಕುದಿಸಿದ ಅಂಟಿನಲ್ಲಿ ಅವನ್ನು ಕೂಡಿಸುತ್ತಾರೆ. ಹಳೆಯ ಬಟ್ಟೆಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿದರೆ ಕಿಟ್ಟ. ಸಂದುಗಳ ಮೇಲೆ, ಕೆನ್ನೆಯ ಮೇಲೆ, ಮೂಗಿನ ತುದಿಯ ಮೇಲೆ ಕಿಟ್ಟವನ್ನು ಬೆರಳಿನಿಂದ ಒತ್ತಿ ತಿದ್ದುತ್ತಾರೆ. ಮರದಲ್ಲಿ ಉಳಿ ಮಾಡಿದ ಮುಖ ಒರಟು. ಅದಕ್ಕೆ ಮಾಂಸ ತುಂಬುವುದು ಈ ಕಿಟ್ಟ. ಆಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ. ಸರ, ಓಲೆ, ಕಿರೀಟದ ಮಣಿಗಳನ್ನು ಅದೇ ಪುಡಿಯ ಗಟ್ಟಿ ಸರಿಯನ್ನು ಕುಂಚದ ತುದಿಯಿಂದ ಹನಿಹನಿಯಾಗಿ ಇಳಿಸಿ ಉಬ್ಬಿಸುತ್ತಾರೆ. ತಗಡಿನಂಥ ಬಿಳಿ ಲೋಹವನ್ನು ಅರೆದು ಅಂಟಿನಲ್ಲಿ ಬೆರೆಸಿ ಹಚ್ಚಿ, ತಿಕ್ಕಿ ಹೊಳಪು ತರುವ ವಿದ್ಯೆಯೊಂದಿದೆ. ಅದಕ್ಕೆ ಲಾಜವಾರ ಎನ್ನುತ್ತಾರೆ. ಅದರ ಮೇಲೆ ಹಳದಿ ಮೆರುಗು ಹಚ್ಚಿದರೆ ಬಂಗಾರ ಹೊದಿಸಿದ ಹಾಗೆ ಮಿನುಗುತ್ತದೆ.

ಕಣ್ಣು ಕೊನೆಗೆ. ಮೈಬಣ್ಣ, ಸೀರೆಯ ಅಂಚು, ಹಣೆಯ ಕುಂಕುಮ ಎಲ್ಲ ಮುಗಿದು ಒಣಗಿದ ಮೇಲೆ ಮೊದಲು ಬಿಳಿ, ಆಮೇಲೆ ಕಪ್ಪಿನ ಒಂದು ಉದ್ದ ಗೆರೆ. ಆ ಗೆರೆ ಎಳೆಯುವಾಗ ನಾನು ಕಂಡ ಹಿರಿಯರು ಮೊಣಕೈಯನ್ನು ಮಂಡಿಗೆ ಊರಿದರು, ಕುಂಚವನ್ನು ಬಹಳ ಹಿಂದೆ ಹಿಡಿದರು, ಉಸಿರು ಬಿಡದೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಎಳೆತದಲ್ಲಿ ಮುಗಿಸಿದರು. ಎಡಗಣ್ಣು ಬರೆದು, ಗೊಂಬೆಯನ್ನು ತಿರುಗಿಸಿ, ಬಲಗಣ್ಣನ್ನೂ ಅದೇ ದಿಕ್ಕಿನ ಕೈಯಲ್ಲಿ ಬರೆದರು. ಎರಡು ಕಣ್ಣಿನ ಪಾಪೆಗಳು ಒಂದೇ ಕಡೆ ನೋಡದಿದ್ದರೆ ಮುಖ ಯಾರನ್ನೂ ನೋಡುವುದಿಲ್ಲ. ಪಾಪೆ ಇಟ್ಟ ಮೇಲೆ ಅದನ್ನು ತಮ್ಮ ಮುಖದೆದುರು ಹಿಡಿದು ಒಮ್ಮೆ ನೋಡಿ ಕೆಳಗಿಟ್ಟರು. ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಅವರಿಗೆ ಬೇರೆ ಅಳತೆಗೋಲಿಲ್ಲ. ಅದು ತಮ್ಮನ್ನು ನೋಡಿತೆಂದರೆ ಮುಗಿಯಿತು.

ಚಿತ್ರಗಾರರ ಕೆಲಸವೆಂದರೆ ಗೊಂಬೆ ಎಂದು ಪೇಟೆಯವರು ತಿಳಿದಿದ್ದಾರೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಸರ್ಕಾರಿ ಮಳಿಗೆಗಳಲ್ಲಿ ಅದು ಮಾರಾಟಕ್ಕಿದೆ, ಅದೆಲ್ಲ ಒಳ್ಳೆಯದೇ. ಆದರೆ ನನಗೆ ಹೆಚ್ಚು ದೊಡ್ಡದೆನಿಸಿದ್ದು ಊರದೇವತೆಯ ಕೆಲಸ. ಉತ್ತರ ಕರ್ನಾಟಕದ ಊರೂರಲ್ಲಿ ದ್ಯಾಮವ್ವ, ದುರ್ಗವ್ವರ ಕಟ್ಟಿಗೆಯ ಮೂರ್ತಿಗಳಿವೆ. ಹಲವು ವರ್ಷಗಳಿಗೊಮ್ಮೆ ನಡೆಯುವ ಜಾತ್ರೆಗೆ ಮುಂಚೆ ದೇವಿ ಬಣ್ಣಕ್ಕೆ ಹೋಗುತ್ತಾಳೆ. ಹಳೆಯ ಬಣ್ಣ ಕೆರೆದು, ಬಿರುಕು ಮುಚ್ಚಿ, ಹೊಸದಾಗಿ ಮುಖ ಬರೆಯಬೇಕು. ದೇವಿ ಮರಳಿ ಬಂದ ದಿನ ಊರಿನ ಮುದುಕಿಯರು ಮುಂದೆ ನಿಂತು ನೋಡುತ್ತಾರೆ. ಕಣ್ಣು ಸ್ವಲ್ಪ ಸಣ್ಣದಾಗಿದ್ದರೂ, ತುಟಿ ಬಿಗಿಯಾಗಿದ್ದರೂ ಅವರಿಗೆ ಗೊತ್ತಾಗುತ್ತದೆ. ‘ನಮ್ಮ ಅವ್ವನ ಮಾರಿ ಇದಲ್ಲ’ ಎಂದು ಒಬ್ಬಾಕೆ ಅಂದುಬಿಟ್ಟರೆ ಚಿತ್ರಗಾರ ಮತ್ತೆ ಕುಂಚ ಹಿಡಿಯಲೇಬೇಕು.

ಯೋಚಿಸಿದಷ್ಟೂ ಇದು ನನ್ನನ್ನು ಹಿಡಿದು ನಿಲ್ಲಿಸಿತು. ಮೂಲ ವ್ಯಕ್ತಿಯೇ ಇಲ್ಲದ ಮುಖಕ್ಕೆ ಹೋಲಿಕೆಯ ಪರೀಕ್ಷೆ! ಹೋಲಬೇಕಾದ್ದು ಮುದುಕಿಯರ ನೆನಪನ್ನು. ಅವರು ಚಿಕ್ಕವರಿದ್ದಾಗ ಕಂಡ ಮುಖವನ್ನು, ಅದಕ್ಕೂ ಹಿಂದೆ ಅವರ ಅಜ್ಜಿಯರು ಕಂಡದ್ದನ್ನು. ಕಾಮತರ ಎದುರು ಒಬ್ಬರು ಕೂತಿರುತ್ತಾರೆ. ಕಿನ್ನಾಳದ ಚಿತ್ರಗಾರನ ಎದುರು ಇಡೀ ಊರು ಕೂತಿರುತ್ತದೆ, ಅದೂ ಕೆಲಸ ಮುಗಿದ ಮೇಲೆ. ಯಾವುದು ಹೆಚ್ಚು ಕಷ್ಟವೆಂದು ತೂಗಿ ಹೇಳಲಾರೆ. ಎರಡನೆಯದಕ್ಕೆ ನಮ್ಮ ಕಲಾವಿಮರ್ಶೆಯಲ್ಲಿ ಒಂದು ಪುಟವೂ ಸಿಕ್ಕಿಲ್ಲವೆಂಬುದು ನನ್ನ ಸಂಕಟ.

ಮೋರನಾಳದ ತೊಗಲುಗೊಂಬೆಗಳ ಮುಖ ಇನ್ನೊಂದು ಬಗೆ. ಅವು ಬಹುಮಟ್ಟಿಗೆ ಪಕ್ಕದಿಂದ ಕಾಣುವ ಮುಖಗಳು. ತೊಗಲನ್ನು ಹದಮಾಡಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಕೆರೆದು, ಅದರ ಮೇಲೆ ಗೆರೆ ಬರೆದು, ಆಭರಣವಿರುವಲ್ಲಿ ಉಳಿಯಿಂದ ತೂತು ಕೊರೆಯುತ್ತಾರೆ. ಹಗಲಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಅದು ಮಸುಕಾದ ಕಂದು ಹಾಳೆ, ಕೆಂಪು ಕಪ್ಪು ಹಸಿರುಗಳು ಸತ್ತಂತಿರುತ್ತವೆ. ಪರದೆಯ ಹಿಂದೆ ದೀಪ ಹೊತ್ತಿಸಿ ಗೊಂಬೆಯನ್ನು ಪರದೆಗೆ ಒತ್ತಿದಾಗ ಬಣ್ಣ ಒಳಗಿನಿಂದ ಉರಿದೇಳುತ್ತದೆ. ತೂತುಗಳು ಮುತ್ತು, ಹರಳುಗಳಾಗುತ್ತವೆ. ಈ ಮುಖಗಳನ್ನು ಬರೆದವನು ಬಣ್ಣದ ಮೇಲೆ ಬೀಳುವ ಬೆಳಕನ್ನು ನೆಚ್ಚಲಿಲ್ಲ, ಬಣ್ಣದ ಮೂಲಕ ಹಾದುಬರುವ ಬೆಳಕನ್ನು ನೆಚ್ಚಿದ.

ಭೀಮವ್ವನವರು 14ರ ವಯಸ್ಸಿಗೆ ಈ ಕೆಲಸಕ್ಕೆ ಕೈಹಚ್ಚಿದವರು. ರಾಮಾಯಣ, ಮಹಾಭಾರತಗಳನ್ನು ಪರದೆಯ ಮೇಲೆ ಹಾಡಿ ಆಡಿಸುತ್ತ ಅಮೆರಿಕ, ಫ್ರಾನ್ಸ್, ಇಟಲಿಗಳವರೆಗೆ ಹೋಗಿಬಂದರು. ಅವರ ಸಮುದಾಯದವರು ಹಿಂದೆ ಊರಿಂದ ಊರಿಗೆ ಗೊಂಬೆಯ ಪೆಟ್ಟಿಗೆ ಹೊತ್ತು ತಿರುಗುತ್ತಿದ್ದರು. ಮಳೆ ಬಾರದಿದ್ದಾಗ ಆಟ ಆಡಿಸಿದರೆ ಮಳೆಯಾಗುತ್ತದೆಂದು ಹಳ್ಳಿಗರು ಕರೆಸುತ್ತಿದ್ದರು. ಈ ಗೊಂಬೆಗಳಲ್ಲಿ ರಾಮ ಯಾರು, ಲಕ್ಷ್ಮಣ ಯಾರು ಎಂದು ಮಗುವಿಗೂ ತಿಳಿಯುತ್ತದೆ. ಕಿರೀಟ, ಮೈಬಣ್ಣ, ಮೀಸೆ, ಕೈಯಲ್ಲಿನ ಆಯುಧ ಇಷ್ಟೇ ಗುರುತು. ಮೂಗು ಕಣ್ಣುಗಳು ಒಂದೇ ಅಚ್ಚಿನವಾದರೂ ಯಾರೂ ತಪ್ಪು ತಿಳಿಯುವುದಿಲ್ಲ. ಈ ಗುರುತಿನ ವಿಷಯ ನನಗೆ ಮುಂದೆ ಕುಷ್ಟಗಿ ಸೀಮೆಯ ಶಾಲೆಯೊಂದರಲ್ಲಿ ಮತ್ತೆ ಎದುರಾಯಿತು.

ಗಂಗಾವತಿಯ ಕಡೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ, ಕಣ್ಣು ಹಾಯುವವರೆಗೆ ಭತ್ತ, ರೈಸ್‌ಮಿಲ್ಲುಗಳ ಹೊಗೆ. ಹಿರೇಬೆಣಕಲ್ಲಿನ ಗುಡ್ಡ ಹತ್ತಿದರೆ ಆ ಹಸಿರೆಲ್ಲ ಕೆಳಗುಳಿದು ಬರೀ ಕಲ್ಲಿನ ಲೋಕ. ಚಪ್ಪಡಿಗಳಲ್ಲಿ ಕಟ್ಟಿದ ನೂರಾರು ಶಿಲಾಸಮಾಧಿಗಳು, ಜನ ಮೊರೇರ ಮನೆ ಎನ್ನುವವು. ಅಲ್ಲಿನ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ. ಕೈಕೈ ಹಿಡಿದು ಕುಣಿಯುವವರು, ಬೇಟೆಗಾರರು, ಕುದುರೆ, ಜಿಂಕೆ. ಪ್ರಾಣಿಗಳ ಕೊಂಬು, ಬಾಲಗಳನ್ನು ಅಷ್ಟು ನಿಗಾ ಇಟ್ಟು ಬರೆದವನು ಮನುಷ್ಯನಿಗೆ ಮುಖ ಬರೆದಿಲ್ಲ. ತಲೆಯೆಂದರೆ ಒಂದು ಕೆಂಪು ಚುಕ್ಕೆ. ಅವರಿಗೆ ಒಬ್ಬೊಬ್ಬರ ಮುಖ ಬೇಕಿರಲಿಲ್ಲ, ಕುಣಿತದ ಸಾಲು ಬೇಕಿತ್ತು. ಸತ್ತವರಿಗಾಗಿ ಅಷ್ಟು ದೊಡ್ಡ ಕಲ್ಲಿನ ಮನೆ ಕಟ್ಟಿದವರು ಅವರ ಮುಖವನ್ನು ಎಲ್ಲಿಯೂ ಬರೆದಿಡಲಿಲ್ಲವೆಂಬುದು ನನ್ನನ್ನು ಗುಡ್ಡ ಇಳಿಯುವವರೆಗೂ ಕಾಡಿತು.

ಆನೆಗೊಂದಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಾಕ್ಷಿ ಸಿಗುತ್ತದೆ, ಅದು ಕಣ್ಣಿಗಲ್ಲ, ಓದಿಗೆ. ನದಿಯ ದಂಡೆಯಲ್ಲಿ ಕೂತರೆ ಆಚೆ ಹಂಪಿಯ ಬಂಡೆಗಳು. ಈಚೆ ಊರಲ್ಲಿ ಉಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಉಳಿಕೆ. ಕೃಷ್ಣದೇವರಾಯನ ಸಮಾಧಿ ಎಂದು ಜನ ನಂಬಿರುವ ಅರವತ್ನಾಲ್ಕು ಕಂಬದ ಮಂಟಪ ನದಿಯೊಳಗೆ. ಹೊಳೆ ತುಂಬಿ ಬಂದಾಗ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ.

1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದಿದ್ದ. ರಾಯನದು ಸಾಧಾರಣ ಎತ್ತರ, ತಿಳಿ ಮೈಬಣ್ಣ, ತುಸು ದಪ್ಪ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆ ಎಂದು ಅವನು ಬರೆದಿಟ್ಟಿದ್ದಾನೆ. ಎಲ್ಲರೂ ಉದಾಹರಿಸುವ ಮಾತಿದು. ಅಷ್ಟಾಗಿ ಯಾರೂ ಎತ್ತಿಕೊಳ್ಳದ ಇನ್ನೊಂದು ಸಂಗತಿಯನ್ನೂ ಅವನು ದಾಖಲಿಸಿದ್ದಾನೆ. ಅರಮನೆಯೊಳಗೆ ಹೋಗುವಾಗ ಒಂದು ಬಾಗಿಲ ಇಕ್ಕೆಲಗಳಲ್ಲಿ, ಜೀವಂತ ನಿಂತ ಹಾಗೆ ಬರೆದ ಎರಡು ಚಿತ್ರಗಳನ್ನು ಅವನು ಕಂಡ. ಬಲಗಡೆ ರಾಯನ ತಂದೆ, ಎಡಗಡೆ ರಾಯ. ತಂದೆ ಕಪ್ಪು, ಮಗನಿಗಿಂತ ದಪ್ಪ. ಇಬ್ಬರೂ ತಾವು ಉಡುವ ಉಡುಗೆ ತೊಡುಗೆಗಳಲ್ಲಿ ಇದ್ದರು.

ನನಗೆ ಈ ನಾಲ್ಕು ಸಾಲು ಒಂದು ಗುಡಿಯಷ್ಟು ದೊಡ್ಡವು. ನಮ್ಮಲ್ಲಿ ಭಾವಚಿತ್ರ ಕಲೆ ಯುರೋಪಿನ ಎಣ್ಣೆಬಣ್ಣದೊಂದಿಗೆ, ರಾಜಾ ರವಿವರ್ಮನೊಂದಿಗೆ ಬಂತೆಂದು ಸಲೀಸಾಗಿ ಹೇಳುವವರಿದ್ದಾರೆ. ಆದರೆ ತುಂಗಭದ್ರೆಯ ದಂಡೆಯ ಒಬ್ಬ ಚಿತ್ರಗಾರ ಐದು ಶತಮಾನಗಳ ಹಿಂದೆ, ಬದುಕಿದ್ದ ಅರಸನನ್ನೂ ತೀರಿಹೋದ ಅವನಪ್ಪನನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಬಣ್ಣದ, ಮೈಕಟ್ಟಿನ ವ್ಯತ್ಯಾಸ ಕಾಣುವಂತೆ ಬರೆದಿದ್ದ. ನೋಡಿದ ಪರದೇಶಿಗೂ ಆ ವ್ಯತ್ಯಾಸ ತಿಳಿಯಿತು. ಒಬ್ಬ ಎದುರಿಗಿದ್ದವನು, ಇನ್ನೊಬ್ಬ ನೆನಪಿನಿಂದ ತಂದವನು. 1565ರ ನಂತರ ಆ ಅರಮನೆಯಲ್ಲಿ ಉಳಿದದ್ದು ಕಲ್ಲಿನ ಅಡಿಪಾಯ ಮಾತ್ರ. ಲೇಪಾಕ್ಷಿಯ ಚಾವಣಿಯಲ್ಲಿ ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಸೋದರರು ಉದ್ದ ಕುಲಾವಿ ತೊಟ್ಟು ನಿಂತ ಚಿತ್ರ ಉಳಿದಿದೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆ ಉಳಿದಿದೆ. ಆ ಬಾಗಿಲ ಚಿತ್ರಗಳು ಹೇಗಿದ್ದಿರಬಹುದೆಂದು ಊಹಿಸಲು ನಮಗೆ ಇವೇ ಆಸರೆ. ಆನೆಗೊಂದಿಯ ಹುಡುಗರನ್ನು ಕೇಳಿದರೆ ಅವರ ರಾಯನಿಗೆ ಡಾ. ರಾಜಕುಮಾರರ ಮುಖ. 1970ರ ‘ಶ್ರೀ ಕೃಷ್ಣದೇವರಾಯ’ ಸಿನಿಮಾ ಕೊಟ್ಟ ಮುಖ ಅದು. ಸಿಡುಬಿನ ಕಲೆ ಅದರಲ್ಲಿಲ್ಲ.

ಯಲಬುರ್ಗಾ ಸೀಮೆ ಎರೆಭೂಮಿ. ಕಡಲೆ ಕಿತ್ತು ಹೊಲ ಬೋಳಾಗಿತ್ತು. ಸಿಂದ ಅರಸರು ಆಳಿದ ಎರಂಬರಗೆ ಇದೇ ಯಲಬುರ್ಗಾ. ಈಗ ಹೊಸ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು; ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಆ ಮಾತು ಹೊಗಳಿಕೆ ಅನಿಸದಷ್ಟು ಚೆಲುವು ಅಲ್ಲಿದೆ. ಕಡೆದ ಕಂಬಗಳ ಮೇಲೆ ಆಕಾಶದ ಬೆಳಕು ಇನ್ನೂ ಪ್ರತಿಫಲಿಸುತ್ತದೆ. ದಂಡನಾಯಕ ತನ್ನ ತಂದೆತಾಯಿಯ ನೆನಪಿಗೂ ಅದೇ ಆವರಣದಲ್ಲಿ ಗುಡಿ ಕಟ್ಟಿಸಿದ. ತಾಯಿಯ ಮುಖ ಕೆತ್ತಿಸಬಹುದಿತ್ತು; ಅವನು ಅವಳ ಹೆಸರಿನ ದೇವರನ್ನು ನಿಲ್ಲಿಸಿದ. ಚಾವಯ್ಯನ ಪಾದಗಳ ಹಾಗೆಯೇ ಇದೂ ಒಂದು ದಾರಿ. ಕೆತ್ತಿದವರ ಮಾತಿಗೆ ಬಂದರೆ, ಬೇಲೂರಿನಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಹೊಯ್ಸಳರ ಹಲವು ಗುಡಿಗಳಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕೊರೆದಿಟ್ಟು ನಮಗೆ ಉಪಕಾರ ಮಾಡಿದ್ದಾರೆ. ಕಿನ್ನಾಳದಲ್ಲಿ ದೇವಿಯ ಬೆನ್ನಿನ ಮೇಲೆ ಹೆಸರು ಬರೆಯುವ ವಾಡಿಕೆಯನ್ನು ನಾನು ಕಾಣಲಿಲ್ಲ.

ಕುಷ್ಟಗಿಗೆ ಈಗ ರೈಲೂ ಬಂದಿದೆ. ನಾನು ಬಸ್ಸಿನಲ್ಲೇ ಹೋದೆ, ದಾರಿಯ ಗೋಡೆಗಳನ್ನು ನೋಡುವ ಆಸೆಗೆ. ನಮ್ಮ ಕಾಲದ ಭಾವಚಿತ್ರಗಾರ ಕೆಲಸ ಮಾಡುವುದು ಗ್ಯಾಲರಿಯಲ್ಲಲ್ಲ, ಸರ್ಕಾರಿ ಶಾಲೆಯ ಗೋಡೆಯ ಮೇಲೆ. ಜ್ಞಾನಪೀಠ ಪಡೆದ ಕನ್ನಡದ ಎಂಟು ಜನ ಅವನ ಕಾಯಂ ಗಿರಾಕಿಗಳು. 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ ಎಂಟೂ ಮುಖ ಒಂದೇ ಸಾಲಿನಲ್ಲಿ ಬರಬೇಕು. ಇವರ ಜೊತೆ ಗಾಂಧಿ, ಅಂಬೇಡ್ಕರ್, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಕನಕದಾಸ, ವಾಲ್ಮೀಕಿ. ಜಯಂತಿಗಳ ಪಟ್ಟಿ ಬೆಳೆದಷ್ಟೂ ಮುಖಗಳ ಬೇಡಿಕೆ ಬೆಳೆಯಿತು. ಆದರೆ ಫ್ಲೆಕ್ಸ್ ಯಂತ್ರ ಬಂದ ಮೇಲೆ ಬೇಡಿಕೆ ಹೆಚ್ಚಿದರೂ ಕೆಲಸ ಕಡಿಮೆಯಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಎಲ್ಲ ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಇಡಲು ಆದೇಶಿಸಿತು. ಹನ್ನೆರಡನೆಯ ಶತಮಾನದ ಅವರ ಮುಖವನ್ನು ಕಂಡು ಬರೆದ ಚಿತ್ರ ಯಾವುದೂ ನಮ್ಮಲ್ಲಿಲ್ಲ. ಆದರೂ ಹಣೆಯ ವಿಭೂತಿ, ಕಿರೀಟ, ಶಾಂತ ಕಣ್ಣು ನೋಡಿದೊಡನೆ ಇವರು ಬಸವಣ್ಣ ಎಂದು ಪ್ರತಿ ಕನ್ನಡಿಗನೂ ಹೇಳುತ್ತಾನೆ. ಆ ಮುಖವನ್ನು ತಿದ್ದಿ ತೀಡಿ ಜನರ ಮನಸ್ಸಿನಲ್ಲಿ ಕೂರಿಸಿದ ಚಿತ್ರಕಾರರ ಹೆಸರು ಎಷ್ಟು ಜನಕ್ಕೆ ಗೊತ್ತು?

ಕಲ್ಯಾಣ ಕರ್ನಾಟಕ ಈ ವಿದ್ಯೆಯಲ್ಲಿ ಬಡದಲ್ಲ. ಕಲಬುರಗಿಯ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆ ತಲುಪಿದರು. ಪಕ್ಕದ ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿ ಊರೂರಿಗೆ ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡಿದರು. ಇಂದು ಗೋಡೆಯ ಮೇಲೆ ಚೌಕ ಎಳೆಯುವ ಕೈಗಳ ಹಿಂದೆ ಅಂಥ ಗುರುಗಳ ಪಾಠವಿದೆ.

ತಾವರಗೇರಾ ಕಡೆಯ ಹಳ್ಳಿಯ ಶಾಲೆಯೊಂದರಲ್ಲಿ ಒಬ್ಬ ಕಲಾವಿದರು ಕೆಲಸ ನಡೆಸಿದ್ದರು. ಕೈಯಲ್ಲಿ ಮೊಬೈಲು, ಅದರಲ್ಲಿ ಮಾಸ್ತಿಯವರ ಫೋಟೊ. ನೀಲಿ ಪುಡಿ ಸವರಿದ ದಾರವನ್ನು ಇಬ್ಬರು ಹುಡುಗರಿಂದ ಗೋಡೆಗೆ ಬಿಗಿಯಾಗಿ ಹಿಡಿಸಿ, ನಡುವೆ ಎಳೆದು ಬಿಟ್ಟರೆ ನೆಟ್ಟಗಿನ ಗೆರೆ. ಹೀಗೆ ಚೌಕಗಳು. ಫೋಟೊದ ಮೇಲೂ ಅಷ್ಟೇ ಚೌಕ. ಯಾವ ಮನೆಯಲ್ಲಿ ಮೂಗಿನ ತುದಿ ಬೀಳುತ್ತದೆ, ಯಾವ ಮನೆಯಲ್ಲಿ ಪೇಟದ ಅಂಚು ಎಂದು ಲೆಕ್ಕ. ಕುವೆಂಪು ಬೇಗ ಆಗುತ್ತಾರೆ, ಹಿಂದಕ್ಕೆ ಬಾಚಿದ ಬೆಳ್ಳಿ ಕೂದಲು ಬಂದರೆ ಸಾಕು. ಅನಂತಮೂರ್ತಿಯವರಿಗೆ ಗಡ್ಡ, ಮಾಸ್ತಿಯವರಿಗೆ ಪೇಟ ಮತ್ತು ನಾಮ. ಗೋಕಾಕರು ಕಷ್ಟ, ಹಿಡಿಯಲು ಸುಲಭದ ಗುರುತಿಲ್ಲ. ಅಲ್ಲಿ ಮುಖವನ್ನೇ ಬರೆಯಬೇಕು. ಮೋರನಾಳದ ಪರದೆಯ ನೆನಪಾಯಿತು ನನಗೆ. ಗುರುತು ಮುಗಿದಲ್ಲಿ ಚಿತ್ರಕಾರನ ನಿಜವಾದ ಪರೀಕ್ಷೆ ಶುರು. ಗೋಕಾಕರ ಕಣ್ಣಿನ ಸುತ್ತ ಆ ಕಲಾವಿದರು ಮೂರು ಬಗೆಯ ಕಂದು ಬೆರೆಸಿದರು, ಒರೆಸಿದರು, ಮತ್ತೆ ಬೆರೆಸಿದರು. ಗೋಡೆಯ ಗಾರೆ ಒರಟು, ಬಣ್ಣ ಕಟ್ಟಡಗಳಿಗೆ ಬಳಿಯುವ ಎನಾಮೆಲ್. ಕೂಲಿ ಚದರಡಿಯ ಲೆಕ್ಕ. ಕಷ್ಟದ ಮುಖಕ್ಕೂ ಸುಲಭದ ಮುಖಕ್ಕೂ ಒಂದೇ ದರ. ಇದು ನ್ಯಾಯವಲ್ಲ ಎಂದು ನನಗೆ ಅಲ್ಲಿಯೇ ಅನಿಸಿತು, ಈಗಲೂ ಅನಿಸುತ್ತದೆ. ಒಂದು ಶಾಲೆಯ ಮಕ್ಕಳು ದಿನವೂ ನೋಡುವ ಮುಖಗಳನ್ನು 50 ವರ್ಷದ ಅಭ್ಯಾಸವಿರುವ ಕೈ ಬರೆದರೂ, ಮೊನ್ನೆ ಕಲಿತ ಕೈ ಬರೆದರೂ ಟೆಂಡರಿನಲ್ಲಿ ಅದು ಗೋಡೆ ಬಳಿಯುವ ಕೆಲಸವೇ.

ಶಾಲೆಗಳ ಕೆಲಸವಿಲ್ಲದ ತಿಂಗಳುಗಳಲ್ಲಿ ಈ ಕಲಾವಿದರನ್ನು ಸಾಕುವುದು ತೀರಿಹೋದವರ ಚಿತ್ರ. ಈ ಭಾಗದ ಎಷ್ಟೋ ಹಿರಿಯರು ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿಕೊಂಡವರಲ್ಲ. ಉಳಿದಿರುವುದು ಮತದಾರರ ಚೀಟಿಯ ಉಗುರಗಲದ ಫೋಟೊ, ಇಲ್ಲವೇ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಅರ್ಧ ಮುಖ. ಅದನ್ನೇ ಹಿಡಿದು ಗೋಡೆಗೆ ಹಾಕುವಷ್ಟು ದೊಡ್ಡದು ಬರೆದುಕೊಡಿ ಎಂದು ಬರುತ್ತಾರೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಚಿಕ್ಕ ಫೋಟೊ ಒಡೆದು ಚೂರಾಗುತ್ತದೆ. ಅಲ್ಲಿ ಇಲ್ಲದ್ದನ್ನು ತುಂಬಬೇಕಾದದ್ದು ಕೈಯೇ.

ನಾನಿದ್ದಾಗಲೇ ಪಕ್ಕದ ಊರಿನ ಹೆಂಗಸೊಬ್ಬರು ತಮ್ಮ ತಂದೆಯ ಚಿತ್ರ ನೋಡಲು ಬಂದರು. ಕಲಾವಿದರು ಶಾಲೆಯ ವರಾಂಡದಲ್ಲೇ, ಚೀಲದಿಂದ ತೆಗೆದ ಕ್ಯಾನ್‌ವಾಸನ್ನು ಕಿಟಕಿಗೆ ಆನಿಸಿ ತೋರಿಸಿದರು. ಆಕೆ ಹತ್ತಿರದಿಂದ ನೋಡಿದರು, ದೂರ ಹೋಗಿ ನೋಡಿದರು. ಮೂಗು ಅಪ್ಪನದೇ, ಕಿವಿಯ ಮುರುವೂ ಸರಿ. ಆಮೇಲೆ ಕೊರಳಿನತ್ತ ಬೆರಳು ಮಾಡಿ, ‘ನಮ್ಮಪ್ಪ ಕೊಳ್ಳಾಗಿನ ಗುಂಡಿ ಎಂದೂ ಹಾಕ್ತಿದ್ದಿಲ್ರೀ’ ಅಂದರು. ಚೀಟಿಯ ಫೋಟೊದಲ್ಲಿ ಗುಂಡಿ ಹಾಕಿದೆಯಲ್ಲ ಎಂದು ಕಲಾವಿದರು ತೋರಿಸಿದರು. ಫೋಟೊ ತೆಗೆಯಲು ಬಂದವರು ಹಾಕಿಸಿದ್ದು, ಮನೆಯಲ್ಲಿ ಹಾಗಿರುತ್ತಿರಲಿಲ್ಲ ಎಂದು ಆಕೆಯ ಉತ್ತರ. ಕಲಾವಿದರು ವಾದ ಮಾಡಲಿಲ್ಲ. ಮಾಸ್ತಿಯವರ ಪೇಟಕ್ಕೆ ಕಲಸಿದ್ದ ಬಿಳಿಗೆ ತುಸು ಕಂದು ಸೇರಿಸಿ ಅಂಗಿಯ ಕೊರಳನ್ನು ಬಿಚ್ಚಲು ಶುರು ಮಾಡಿದರು. ಒಳಗೆ ಕಾಣುವ ಕೊರಳಿಗೆ ಮುಖಕ್ಕಿಂತ ತಿಳಿ ಬಣ್ಣ ಬೇಕು, ಬಿಸಿಲು ಬೀಳದ ಜಾಗ ಅದು ಎಂದು ಹುಡುಗರಿಗೆ ಹೇಳಿದರು. ಆಕೆ ಮೆಟ್ಟಿಲ ಮೇಲೆ ಕೂತು ಟವೆಲ್ಲು ಎಡ ಹೆಗಲಿಗೆ ಬರಬೇಕೆಂದೂ, ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಎತ್ತು ಹಾಯ್ದ ಗಾಯ ಇತ್ತೆಂದೂ ಒಂದೊಂದಾಗಿ ನೆನಪಿಸಿಕೊಂಡು ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು.